ಏಳಂತಸ್ತಿಗೆ ಎಲೆ-ಅಡಿಕೆ

ಕೆಂಗಲ್ಲುಗಡದ ಪಾಳೆಯಗಾರ ಎಲ್ಲಪ್ಪನಾಯಕನಿಗೆ ಏಳಂತಸ್ತಿನ ಉಪ್ಪರಿಗೆ ಕಟ್ಟಿಸುವ ಹುಚ್ಚು ಹಿಡಿಯಿತು. ಇದ್ದ ಒಂದು ಮಹಡಿ ಹತ್ತುವಾಗಲೇ ಏದುಸಿರು ಬಿಡುವ ಮನುಷ್ಯ. ಆದರೂ ಏಳೇ ಬೇಕು.

"ಸುತ್ತ ಹತ್ತು ಹರದಾರಿಗೆ ನಮ್ಮ ಉಪ್ಪರಿಗೆ ಕಾಣಬೇಕು!" ಎಂದು ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ಎಲ್ಲರೂ ಭಲೇ ಎಂದರು. ಅರಮನೆಯ ಅನ್ನ ತಿನ್ನುವವರು ಇನ್ನೇನು ಅಂದಾರು? ಮಲ್ಲರಸನೆಂಬ ಆಸ್ಥಾನಿಕ ಮಾತ್ರ ಸುಮ್ಮನೆ ಕೂತಿದ್ದ. ಉಪ್ಪರಿಗೆಯ ಸುದ್ದಿ ಕಿವಿಗೆ ಬಿದ್ದು, ಅರಮನೆಯ ಹಿಂದಿನ ಮನೆಯ ಪುಟ್ಟೀರಮ್ಮ ಬೆಳಗ್ಗೆಯೇ ಅವನ ಹತ್ತಿರ ಬಂದು ಅತ್ತು ಹೋಗಿದ್ದಳು. ಹಪ್ಪಳ, ಸಂಡಿಗೆ ಮಾರಿ ನಾಲ್ಕು ಮಕ್ಕಳನ್ನು ಸಾಕುವ ಹೆಂಗಸು. ಉಪ್ಪರಿಗೆ ಎದ್ದರೆ ಅವಳ ಅಂಗಳಕ್ಕೆ ಬಿಸಿಲಿಲ್ಲ. ಬಿಸಿಲಿಲ್ಲದಿದ್ದರೆ ಸಂಡಿಗೆಗೆ ಬೂಷ್ಟು, ಮಕ್ಕಳಿಗೆ ಉಪವಾಸ.

"ಪ್ರಭು, ಒಂದು ಸಣ್ಣ ವಿಷಯ," ಎಂದ ಮಲ್ಲರಸ. "ಕಟ್ಟಡ ಎಬ್ಬಿಸುವವರು ಮೊದಲು ಅಕ್ಕಪಕ್ಕದವರಿಗೆ ಎಲೆ-ಅಡಿಕೆ ಕಳಿಸಿ, ತಕರಾರುಂಟೇ ಎಂದು ಕೇಳಬೇಕು. ಒಬ್ಬರು ಬೇಡವೆಂದರೂ ಕೆಲಸ ನಿಲ್ಲಬೇಕು. ತಾವೇ ಮಾಡಿದ ಕಟ್ಟಳೆ."

"ಅದು ಜನಕ್ಕೆ! ನಮಗೆಲ್ಲಿಯ ಅಕ್ಕಪಕ್ಕ? ಗಡಿಯವರೆಗೂ ನೆಲವೆಲ್ಲ ನಮ್ಮದೇ. ನಮ್ಮ ಪಕ್ಕದವನು ಅಂದರೆ ಗಡಿಯಾಚೆಯ ಆ ತಿಪ್ಪಣ್ಣನಾಯಕ ಒಬ್ಬನೇ."

"ಹಾಗಾದರೆ ಕಟ್ಟಳೆಯಂತೆ ನಡೆಸಲೇ?"

"ಏನಾದರೂ ಮಾಡಿಕೋ ಹೋಗು."

ಮಲ್ಲರಸ ಮಾಡಿಕೊಂಡ. ಅಂದೇ ಒಂದು ತಟ್ಟೆ ಎಲೆ-ಅಡಿಕೆ, ಜೊತೆಗೊಂದು ಓಲೆ, ಗಡಿ ದಾಟಿ ತಿಪ್ಪಣ್ಣನಾಯಕನಿಗೆ ಹೋಯಿತು. ಈ ತಿಪ್ಪಣ್ಣನಾಯಕ ಮೂರು ಸಲ ಕೆಂಗಲ್ಲುಗಡದ ಮೇಲೆ ದಂಡೆತ್ತಿ ಬಂದು, ಫಿರಂಗಿಯ ಗುರಿ ತಪ್ಪಿ, ಬರಿಗೈಲಿ ಹಿಂತಿರುಗಿದವನು.

ವಾರದಲ್ಲಿ ಉತ್ತರ ಬಂತು. ಮಲ್ಲರಸ ಸಭೆಯ ನಡುವೆ ನಿಂತು ಗಟ್ಟಿಯಾಗಿ ಓದಿದ:

"ಎಲೆ ಎಳೆಯದಿತ್ತು, ಸಂತೋಷ. ನಮ್ಮ ತಕರಾರೇನೂ ಇಲ್ಲ. ಆದರೆ ಏಳು ಸಾಲದು, ದಯವಿಟ್ಟು ಒಂಬತ್ತು ಅಂತಸ್ತು ಕಟ್ಟಿಸಿ. ತಾವು ಎಲ್ಲಿ ಮಲಗುತ್ತೀರೆಂದು ದೂರದಿಂದ ಕಾಣದೆ ನಮ್ಮ ಫಿರಂಗಿಯವರು ಬಹಳ ಕಷ್ಟಪಡುತ್ತಿದ್ದಾರೆ."

ನಾಯಕನ ಮೀಸೆ ಇಳಿಯಿತು.

"ಅವನಿಗೆ ಯಾಕಯ್ಯಾ ಕಳಿಸಿದೆ, ಮನೆಹಾಳ?"

"ಪಕ್ಕದವನು ಅವನೊಬ್ಬನೇ ಎಂದಿರಿ, ಪ್ರಭು."

ಕಟ್ಟಿದರೆ ಪ್ರಾಣ ಹೋಗುತ್ತದೆ. ಬಿಟ್ಟರೆ, ತಿಪ್ಪಣ್ಣನಿಗೆ ಹೆದರಿದನೆಂದು ಮಾನ ಹೋಗುತ್ತದೆ. ನಾಯಕ ದನಿ ತಗ್ಗಿಸಿದ.

"ಮಲ್ಲರಸ, ಬೇರೆ ಯಾರಾದರೂ ಪಕ್ಕದವರು ಸಿಗುತ್ತಾರೆಯೇ? ಸ್ವಲ್ಪ ತಕರಾರು ಮಾಡುವಂಥವರು?"

"ಹುಡುಕಿದರೆ ಒಬ್ಬಳು ಸಿಕ್ಕಾಳು."

ಪುಟ್ಟೀರಮ್ಮ ಕೈಗಂಟಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. ಓಲೆಯ ಸುದ್ದಿ ಅಷ್ಟರಲ್ಲಿ ಬೀದಿಬೀದಿಗೆ ಹಬ್ಬಿತ್ತು. ನಾಯಕ ತಾನೇ ಎದ್ದು ಎಲೆ-ಅಡಿಕೆ ತಟ್ಟೆ ನೀಡಿದ.

"ತಗೋಳಮ್ಮ. ನಿನ್ನ ಮನೆ ಪಕ್ಕ ಏಳಂತಸ್ತು ಕಟ್ಟಬೇಕೆಂದಿದ್ದೇವೆ. ತಕರಾರು ಇದೆ ತಾನೇ? ಜೋರಾಗಿ ಹೇಳು, ಹೆದರಬೇಡ."

ಅವಳು ಎಲೆಗೆ ನಿಧಾನವಾಗಿ ಸುಣ್ಣ ಹಚ್ಚಿ, ಮಡಿಸಿ, ಬಾಯಿಗೆ ಹಾಕಿಕೊಂಡಳು.

"ಹೋದ್ವಾರ ಕೇಳಿದ್ರೆ ಇತ್ತು ಬುದ್ದೀ. ಈಗ ಏನೂ ಇಲ್ಲ, ಆರಾಮಾಗಿ ಕಟ್ಕೊಳ್ಳಿ. ಫಿರಂಗಿ ಗುಂಡು ಬಿದ್ದ ಮ್ಯಾಲೆ ನಮ್ಮ ಅಂಗಳಕ್ಕೆ ಬಿಸಿಲು ಬಂದೇ ಬರ್ತೈತೆ!"

ನಾಯಕ ಒಂದು ಗಳಿಗೆ ಅವಳನ್ನೇ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಮಲ್ಲರಸನಿಗೆ ತನ್ನ ಹೆಗಲ ಮೇಲಿನ ಶಾಲು ಎಸೆದು, ಕರಣಿಕನ ಕಡೆ ತಿರುಗಿದ.

"ಬರೆದುಕೋ. ತಕರಾರು ಬಂದದ್ದರಿಂದ ಕೆಲಸ ನಿಂತಿದೆ."

"ಯಾರ ತಕರಾರೆಂದು ಬರೆಯಲಿ ಪ್ರಭು? ಇವಳು ಇಲ್ಲ ಎಂದಳಲ್ಲ?"

"ನನ್ನದು ಅಂತ ಬರಿಯಯ್ಯಾ! ಇವಳ ಪಕ್ಕದ ಮನೆಯಲ್ಲಿ ಮಲಗುವವನು ನಾನೇ ಅಲ್ಲವೇ?"