ಬಿಚ್ಚದ ಮುಚ್ಚಳ

“ಬುದ್ಧಿ, ನನ್ನಲ್ಲಿ ಕಂಡ ದೋಷಗಳನ್ನೆಲ್ಲ ಒಂದೊಂದಾಗಿ ತಿದ್ದಿಕೊಂಡೆ. ಕೋಪ ಬಿಟ್ಟೆ. ನಾಲಗೆ ಚಪಲ ಬಿಟ್ಟೆ. ಮೌನ ಹಿಡಿದು ನೋಡಿದೆ, ಉಪವಾಸ ಮಾಡಿ ನೋಡಿದೆ. ಆದರೂ ಒಳಗಿನ ಕುದಿ ಆರಿಲ್ಲ. ಇನ್ನೆಲ್ಲಿ ಹುಡುಕಲಿ?” ಎಂದು ಮಠದ ಹಿರಿಯ ಶಿಷ್ಯನೊಬ್ಬ ಗುರುಗಳನ್ನು ಕೇಳಿದ. ಕೇಳುವಾಗ ಅವನ ದನಿಯಲ್ಲಿ ಆಸೆ ಇರಲಿಲ್ಲ, ದಣಿವಷ್ಟೇ ಇತ್ತು.

ಗುರುಗಳು ಈ ಕತೆ ಹೇಳಿದರು.

ಒಬ್ಬ ಲಾರಿಯವನಿದ್ದ. ಗೂಡಿನಿಂದ ಊರೂರಿಗೆ ಇಟ್ಟಿಗೆ ಸಾಗಿಸುತ್ತಿದ್ದ. ಇದ್ದದ್ದು ಒಂದೇ ಲಾರಿ. ಅದು ಓಡಿದರೆ ಮನೆಯ ಒಲೆ ಉರಿಯುತ್ತಿತ್ತು. ಲಾರಿಗೆ ವಯಸ್ಸಾಯಿತು, ಇಂಜಿನ್ನು ಆಯಿಲ್ ಕುಡಿಯತೊಡಗಿತು. ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಬೇಕು ಎಂದರು ಗ್ಯಾರೇಜಿನ ಮುದಿ ಮೇಸ್ತ್ರಿ. ಲಾರಿಯವನು ಗ್ಯಾರೇಜಿಗೆ ಕೊಡಲಿಲ್ಲ. ಇಪ್ಪತ್ತೆರಡು ವರ್ಷ ಓಡಿಸಿದವನಿಗೆ ಬಿಚ್ಚಿ ಕಟ್ಟುವುದೇನು ಮಹಾ ಎಂದುಕೊಂಡ. ಇಪ್ಪತ್ತೆರಡು ವರ್ಷ ಉಂಡವನಿಗೆ ಅಡುಗೆಯೂ ಬಂದೇ ಬರುತ್ತದೆ ಎಂದುಕೊಂಡ ಹಾಗೆ.

ಮನೆ ಮುಂದಿನ ಹುಣಸೆ ಮರಕ್ಕೆ ಸರಪಣಿ ಬಿಗಿದು ಇಂಜಿನ್ನು ಇಳಿಸಿದ. ಹೆಂಡತಿ ಒಂದೊಂದು ಸಾಮಾನನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಹಳೇ ಸೀರೆಯ ಮೇಲೆ ಹರಡಿದಳು.

ಕಟ್ಟುವುದಕ್ಕೆ ಮುಹೂರ್ತ ನೋಡಿಸಿದರು. ಮೊದಲು ಕೂರಬೇಕಾದವು ಇಂಜಿನ್ನಿನ ಮೂತಿಯಲ್ಲಿರುವ ಹಲ್ಲಿನ ಚಕ್ರಗಳೆರಡು. ಪಿಸ್ಟನ್ನು ಏರಿಳಿಯುವುದು ಒಂದರ ಲೆಕ್ಕಕ್ಕೆ, ವಾಲ್ವು ತೆರೆದು ಮುಚ್ಚುವುದು ಇನ್ನೊಂದರ ಲೆಕ್ಕಕ್ಕೆ. ಎರಡಕ್ಕೂ ತಾಳ ತಪ್ಪಬಾರದೆಂದು, ಮಾಡಿದವರು ಎರಡರಲ್ಲೂ ಒಂದೊಂದು ಹಲ್ಲಿನ ಮೇಲೆ ಸಣ್ಣ ಚುಕ್ಕೆ ಕುಟ್ಟಿರುತ್ತಾರೆ. ಚುಕ್ಕೆಗೆ ಚುಕ್ಕೆ ಕೂಡಬೇಕು. ಅಷ್ಟೇ ಶಾಸ್ತ್ರ.

ಈ ಲಾರಿಯಲ್ಲಿ ಆ ಚುಕ್ಕೆಗಳು ಸವೆದು ಬೆಳಕಿಗೆ ಹಿಡಿದರೆ ಮಾತ್ರ ಕಾಣುವಂತಿದ್ದವು. ಲಾರಿಯವನು ಒಂದು ಉಪಾಯ ಮಾಡಿದ. ತಾಯಿಯನ್ನು ಕರೆದು, ಬೆರಳಿಟ್ಟು ತೋರಿಸಿ, “ಅವ್ವ, ಈ ಹಲ್ಲಿಗೊಂದು ಆ ಹಲ್ಲಿಗೊಂದು ಕುಂಕುಮ ಇಡು” ಎಂದ. ಪೂಜೆಯೂ ಆಯಿತು, ಗುರುತೂ ಆಯಿತು. ತಾಯಿಗೆ ಎಂಬತ್ತು ದಾಟಿತ್ತು. ಕಣ್ಣಲ್ಲಿ ಪೊರೆ, ಕೈಯಲ್ಲಿ ನಡುಕ. ಎರಡು ಕುಂಕುಮವಿಟ್ಟು, ಚಕ್ರಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ರಾಹುಕಾಲಕ್ಕೆ ಇನ್ನು ಹತ್ತು ನಿಮಿಷವಿತ್ತು. ಅವನು ಕುಂಕುಮಕ್ಕೆ ಕುಂಕುಮ ಕೂಡಿಸಿದ. ಚಕ್ರಗಳ ಮೇಲೆ ಮುಚ್ಚಳ ಹಾಕಿ ಬೋಲ್ಟು ಬಿಗಿದ. ಕಾಯಿ ಒಡೆದ.

ಉಳಿದ ಕೆಲಸ ಮುಗಿಯುವ ಮೊದಲೇ ತಾಯಿ ತೀರಿಕೊಂಡಳು. ಹನ್ನೊಂದನೆಯ ದಿನದ ಕಾರ್ಯ ಮುಗಿಸಿ, ಉಳಿದದ್ದನ್ನೂ ಕಟ್ಟಿ, ಅವನು ಲಾರಿಯ ಕೀಲಿ ತಿರುಗಿಸಿದ.

ಇಂಜಿನ್ನು ಚಾಲೂ ಏನೋ ಆಯಿತು. ಆದರೆ ಚಳಿಜ್ವರ ಬಂದವರ ಹಾಗೆ ಮೈಯೆಲ್ಲ ಅದುರಿತು. ಮೊದಲು ಬಿಳಿ ಹೊಗೆ, ಆಮೇಲೆ ಕರಿ ಹೊಗೆ. ಒಂದು ಇಟ್ಟಿಗೆಯೂ ಇಲ್ಲದ ಲಾರಿ ಊರ ಮುಂದಿನ ಏರು ಹತ್ತಲಾರದೆ ಹಿಂದಕ್ಕೆ ಜಾರಿತು.

ಡೀಸೆಲ್ ಚಿಮ್ಮಿಸುವ ನೋಜಲ್ ಬಿಚ್ಚಿ ತೊಳೆದ. ಹೊಸ ನೋಜಲ್ ಹಾಕಿದ. ಡೀಸೆಲ್ ಪಂಪನ್ನು ಅತ್ತ ಒಂದು ನೂಲಿನಷ್ಟು, ಇತ್ತ ಒಂದು ನೂಲಿನಷ್ಟು ತಿರುಗಿಸಿ ನೋಡಿದ. ವಾಲ್ವನ್ನು ಒತ್ತುವ ಟ್ಯಾಪೆಟ್ಟಿನ ಸಂದನ್ನು ಸಡಿಲ ಮಾಡಿದ. ಸ್ವಲ್ಪ ಗುಣ ಕಂಡಿತು. ಆ ಸ್ವಲ್ಪವೇ ಅವನನ್ನು ಕೊಂದದ್ದು. ಏನೂ ಗುಣ ಕಾಣದಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದನೋ ಏನೋ.

ಆಮೇಲೆ ಜನರ ಸರದಿ ಬಂತು. ಸಿಲಿಂಡರು ಕೊರೆದುಕೊಟ್ಟ ಲೇತಿನವನು ಬೋರು ಸರಿಯಾಗಿ ಹೊಡೆದಿಲ್ಲ ಎಂದು ಲಾರಿಯವನು ದೂರಿದ. ಒಂದೇ ಬೆಂಚಿನಲ್ಲಿ ಓದಿದ ಗೆಳೆಯ ಅವನು. ಅಂದಿನಿಂದ ಲಾರಿಯವನು ಎದುರಾದರೆ ಆ ಗೆಳೆಯ ರಸ್ತೆಯ ಆಚೆ ಬದಿಗೆ ದಾಟತೊಡಗಿದ. ಪಿಸ್ಟನ್ ರಿಂಗ್ ಮಾರಿದವನು ನಕಲಿ ಮಾಲು ಕೊಟ್ಟ ಎಂದು ಬೈದ. ಬಿಚ್ಚಿ ನೋಡಿದರೆ ರಿಂಗು ಸರಿಯಾಗಿಯೇ ಇತ್ತು. ಕೊನೆಗೆ ಹೆಂಡತಿಯ ಕಡೆ ತಿರುಗಿ, ನೀನು ತೊಳೆದದ್ದರಲ್ಲಿ ಮರಳು ಉಳಿದಿತ್ತು ಎಂದ. ಅವಳ ಬೆರಳುಗಳು ಸೀಮೆಎಣ್ಣೆಗೆ ಬಿರಿದದ್ದು ಇನ್ನೂ ಮಾಗಿರಲಿಲ್ಲ. ಅವಳು ಒಳಗೆ ಹೋದಳು. ಆಮೇಲೆ ಬೇಕಾದಷ್ಟಕ್ಕೆ ಮಾತ್ರ ಮಾತಾಡಿದಳು.

ಇಂಜಿನ್ನಿನ ಒತ್ತಡ ಸಾಲುತ್ತಿಲ್ಲ ಎಂದು ಕಂಡಿತು. ಒತ್ತಡ ಏರಲಿ ಎಂದು, ಸಿಲಿಂಡರುಗಳ ಮೇಲೆ ಕೂರುವ ಹೆಡ್ಡನ್ನು ಬೇರೆ ಊರಿನ ಲೇತಿಗೆ ಒಯ್ದು ತೆಳ್ಳಗೆ ಕೊರೆಸಿದ. ಮತ್ತೆ ಸ್ವಲ್ಪ ಗುಣ ಕಂಡಿತು. ಮತ್ತೊಮ್ಮೆ ಕೊರೆಸಿದ.

ಇಟ್ಟಿಗೆ ಗೂಡಿನವರು ಬೇರೆ ಲಾರಿ ಹಿಡಿದರು. ಒಂದು ಮಳೆಗಾಲ ಕಳೆಯಿತು. ಲಾರಿಯ ಟೈರಿನ ನೆರಳಲ್ಲಿ ಕೋಳಿ ಮರಿ ಮಾಡಿತು.

ಆಗ ಅವನು ಮುಖ ಸಣ್ಣದು ಮಾಡಿಕೊಂಡು ಮುದಿ ಮೇಸ್ತ್ರಿಯನ್ನು ಕರೆತಂದ. ಮೇಸ್ತ್ರಿ ಲಾರಿಯನ್ನು ಮುಟ್ಟಲಿಲ್ಲ.

“ಮನೆಯಲ್ಲೇ ಕಟ್ಟಿಕೊಂಡ ಇಂಜಿನ್ನಿಗೆ ನಾನು ಕೈ ಹಾಕಲ್ಲಪ್ಪ. ಬೇಕಾದ್ರೆ ಕಿವಿ ಹಾಕ್ತೀನಿ” ಎಂದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಇಟ್ಟು ಬಹಳ ಹೊತ್ತು ಕೇಳಿದರು. “ಮುಂದಿನ ಮುಚ್ಚಳ ಬಿಚ್ಚಿದ್ಯಾ?”

“ಇಲ್ಲ. ಅಲ್ಲೇನೂ ತಪ್ಪಿಲ್ಲ.”

“ಮಿಕ್ಕ ಕಡೆ?”

“ಎಲ್ಲಾ ಎರಡೆರಡು ಸಲ ಬಿಚ್ಚಿದೀನಿ.”

“ಹಂಗಾದ್ರೆ ನನ್ನ ಯಾಕಪ್ಪಾ ಕರೆಸಿದೆ?” ಎಂದು ಮೇಸ್ತ್ರಿ ಸ್ಕ್ರೂಡ್ರೈವರನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದರು.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ತಿಂಗಳುಗಟ್ಟಲೆ ಕಟ್ಟಿಟ್ಟ ಬಾಯಿ ಬಿಟ್ಟಳು. “ಊರವರ ಕೈಯೆಲ್ಲಾ ಸೋಸಿ ನೋಡಿದ್ರಿ. ನನ್ನ ಕೈಯನ್ನೂ ಬಿಡಲಿಲ್ಲ. ಅದೊಂದು ಮುಚ್ಚಳ ಏನು ಪುಣ್ಯ ಮಾಡಿತ್ತು?”

“ಅದು ಅವ್ವ ಕುಂಕುಮ ಇಟ್ಟಿದ್ದು ಕಣೇ.”

“ಇಟ್ಟಿದ್ದು ಅತ್ತೆ. ಕಣ್ಣು ಕಾಣ್ತಿತ್ತಾ ಅವರಿಗೆ?”

ಆ ಪ್ರಶ್ನೆ ಅವನಿಗೆ ಹೊಸದಾಗಿರಲಿಲ್ಲ. ಎರಡನೇ ಸಲ ಹೆಡ್ಡು ಕೊರೆಸಲು ಹೋದಾಗ, ಲೇತಿನ ಮುಂದೆ ಸರದಿಗೆ ಕೂತಿದ್ದಾಗ, ಅದು ತಾನಾಗಿ ಬಂದು ಪಕ್ಕದಲ್ಲಿ ಕೂತಿತ್ತು. ಅವನು ಎದ್ದು ಹೋಗಿ ಟೀ ಕುಡಿದು ಬಂದಿದ್ದ.

ಎಂಟು ದಿನದ ಮೇಲೆ ಒಂದು ಮಧ್ಯಾಹ್ನ ಅವನು ಮುಚ್ಚಳ ಬಿಚ್ಚಿದ. ಕುಂಕುಮ ಇರಲಿಲ್ಲ. ಆಯಿಲ್ ಅದನ್ನು ಎಂದೋ ತೊಳೆದು ಹಾಕಿತ್ತು. ಇಂಜಿನ್ನನ್ನು ಕೈಯಲ್ಲೇ ನಿಧಾನವಾಗಿ ತಿರುಗಿಸಿ, ಬಟ್ಟೆಯಿಂದ ಹಲ್ಲುಗಳನ್ನು ಒರೆಸಿ ಚುಕ್ಕೆ ಹುಡುಕಿದ. ಕೆಳಗಿನ ಚಕ್ರದ ಚುಕ್ಕೆ ಸಿಕ್ಕಿತು. ಮೇಲಿನದೂ ಸಿಕ್ಕಿತು. ಎರಡರ ನಡುವೆ ಒಂದು ಹಲ್ಲಿನ ಅಂತರವಿತ್ತು. ತಾಯಿಯ ಬೆರಳು ಪಕ್ಕದ ಹಲ್ಲಿನ ಮೇಲೆ ಇಳಿದಿತ್ತು.

ಚಕ್ರ ಕಳಚಿ ಒಂದು ಹಲ್ಲು ಸರಿಸಿ ಕೂರಿಸುವುದು ಅರ್ಧ ದಿನದ ಕೆಲಸ. ಅವನು ಸ್ಪ್ಯಾನರು ಕೈಗೆತ್ತಿಕೊಂಡ. ಎತ್ತಿಕೊಂಡವನಿಗೆ ಮಿಕ್ಕದ್ದೆಲ್ಲ ಒಟ್ಟಿಗೆ ಕಂಡಿತು. ಟ್ಯಾಪೆಟ್ಟಿನ ಸಂದು ಸಡಿಲಿಸಿದ್ದು ಈ ತಪ್ಪು ಹಲ್ಲಿಗೆ ಹೊಂದಲಿ ಎಂದು. ಪಂಪು ತಿರುಗಿಸಿದ್ದು ಇದಕ್ಕೆ ಹೊಂದಲಿ ಎಂದು. ಅವನ್ನಾದರೂ ಹಿಂದಿನಂತೆ ಮಾಡಬಹುದು. ಹೆಡ್ಡನ್ನು ಎರಡು ಸಲ ಕೊರೆಸಿದ್ದ. ಕೊರೆದ ಕಬ್ಬಿಣ ಮತ್ತೆ ಬೆಳೆಯುವುದಿಲ್ಲ, ಹೊಸದಕ್ಕೆ ಕೈಯಲ್ಲಿ ಕಾಸಿಲ್ಲ. ಈಗ ಹಲ್ಲು ಸರಿ ಮಾಡಿದರೆ, ತೆಳ್ಳಗಾದ ಹೆಡ್ಡಿನ ಕೆಳಗೆ ಒತ್ತಡ ಮಿತಿಮೀರಿ ಇಂಜಿನ್ನೇ ಒಡೆಯುತ್ತದೆ. ಸರಿ ಇದ್ದದ್ದನ್ನೆಲ್ಲ ಅವನು ಒಂದು ತಪ್ಪಿನ ಅಳತೆಗೆ ಕತ್ತರಿಸಿ ಮುಗಿಸಿದ್ದ. ಗೆಳೆಯನ ಮುಖವೂ ಕಣ್ಣ ಮುಂದೆ ಬಂತು. ಅಡುಗೆಮನೆಯಲ್ಲಿ ಹೆಂಡತಿ ಪಾತ್ರೆ ಇಡುವ ಸದ್ದು ಕೇಳಿಸುತ್ತಿತ್ತು. ಅವಳನ್ನು ಕರೆದು ಹೇಳಬೇಕು ಎಂದುಕೊಂಡ.

ಬಿಸಿಲು ಲಾರಿಯ ಮೂತಿಯಿಂದ ಟೈರಿಗೆ ಇಳಿಯುವ ತನಕ ಹಾಗೆಯೇ ಕೂತಿದ್ದ. ಆಮೇಲೆ ಮುಚ್ಚಳವನ್ನು ಇದ್ದ ಹಾಗೆಯೇ ಹಾಕಿದ. ಒಂದೊಂದೇ ಬೋಲ್ಟನ್ನು ಬಿಗಿದ. ಒಳಗೆ ಹೋಗಿ ಕುಂಕುಮದ ಭರಣಿ ತಂದು ಮುಚ್ಚಳದ ಮೇಲೆ ಒಂದು ಬೊಟ್ಟು ಇಟ್ಟ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯನಿಗೆ ತಡೆಯಲಾಗಲಿಲ್ಲ. “ಮುಚ್ಚಿಬಿಟ್ಟನೇ ಬುದ್ಧಿ? ಎಷ್ಟೇ ನಷ್ಟವಾಗಿರಲಿ, ಕಣ್ಣಾರೆ ಕಂಡ ತಪ್ಪನ್ನು ಯಾರಾದರೂ ಹಾಗೇ ಮುಚ್ಚುತ್ತಾರೆಯೇ?”

ಗುರುಗಳು ಹೇಳಿದರು: “ನಿನಗೆ ದೀಕ್ಷೆ ಕೊಟ್ಟ ದಿನ ನನ್ನ ಕೈಯೂ ನಡುಗುತ್ತಿತ್ತಪ್ಪ, ನೀನು ಅದೊಂದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಬಿಚ್ಚುವುದನ್ನು ಹನ್ನೆರಡು ವರ್ಷದಿಂದ ನೋಡುತ್ತ ಕೂತಿದ್ದೇನೆ.”