ನಡುಬಾವಿಯಲ್ಲಿ ಹಿಡಿದು ನಿಲ್ಲುವ ಮೋಟರು

ಹುಲುಗಪ್ಪ ಬಾವಿ ತೋಡುವವನು. ಬುಟ್ಟಿಯಲ್ಲಿ ಕೂತು ಕೆಳಗಿಳಿದು ಅಗೆಯುವುದು ಅವನ ಕೆಲಸ. ಹೆಂಡತಿ ದುರುಗವ್ವ ದಂಡೆಯ ಮೇಲೆ ನಿಂತು ಮೋಟರು ನಡೆಸುತ್ತಿದ್ದಳು. ಅವನ ಜೀವ ಅವಳ ಕೈಯಲ್ಲಿ.

ಅವರದು ಹಿಟ್ಟಿನ ಗಿರಣಿಯ ಮೋಟರಿನಂಥದ್ದಲ್ಲ. ಭಾರ ಎತ್ತುವುದಕ್ಕೆಂದೇ ಮಾಡಿದ್ದು. ಅದರ ಬೆನ್ನಿಗೆ ಒಂದು ಬ್ರೇಕು ಇತ್ತು. ಕರೆಂಟು ಬಂದರೆ ಬ್ರೇಕು ಬಿಡುತ್ತದೆ, ಹಗ್ಗ ಸುತ್ತುತ್ತದೆ. ಕರೆಂಟು ಹೋಯಿತೋ, ಒಳಗಿನ ಸ್ಪ್ರಿಂಗು ಬ್ರೇಕನ್ನು ಒತ್ತಿ ಹಿಡಿಯುತ್ತದೆ. ಬುಟ್ಟಿ ಎಲ್ಲಿದೆಯೋ ಅಲ್ಲೇ ನಿಲ್ಲುತ್ತದೆ.

ಒಂದು ದಿನ ಹುಲುಗಪ್ಪ ಮೇಲೆ ಬರುವಾಗ ಕರೆಂಟು ಹೋಯಿತು. ಕರೆಂಟು ಮತ್ತೆ ಬರುವ ತನಕ ಬುಟ್ಟಿ ನಡುಬಾವಿಯಲ್ಲೇ ನಿಂತಿತು. ಹೊಲದವರು ಬಗ್ಗಿ ನೋಡಿ ನಕ್ಕರು.

“ಏನಲೇ ಹುಲುಗ, ಬಾವಲಿ ಆದ್ಯೇನು?”

ಅವನಿಗೆ ಮೈ ಉರಿಯಿತು. ಈ ಹಾಳು ಬ್ರೇಕು ಇಲ್ಲದಿದ್ದರೆ ಕೈಯಿಂದಲೇ ರಾಟೆ ತಿರುಗಿಸಿ ನನ್ನ ಎತ್ತುತ್ತಿದ್ದರು ಅಂದುಕೊಂಡ. ಮರುದಿನ ಬೆಳಿಗ್ಗೆ, ಹೆಂಡತಿ ಬರುವ ಮೊದಲೇ, ಬ್ರೇಕಿನ ಹಿಡಿಯನ್ನು ಹಿಂದಕ್ಕೆಳೆದು ತಂತಿ ಬಿಗಿದ. ಇನ್ನು ಅದು ಹಿಡಿಯುವ ಮಾತೇ ಇಲ್ಲ.

ಆದರೆ ಅವರಲ್ಲಿ ಒಂದು ಪದ್ಧತಿ ಇತ್ತು. ದಿನಾ ಅವನಿಗಿಂತ ಮೊದಲು ಅವನಷ್ಟೇ ತೂಕದ ಮಣ್ಣಿನ ಚೀಲ ಬಾವಿಗೆ ಇಳಿಯಬೇಕು. ನಡುವೆ ಸ್ವಿಚ್ಚು ಆರಿಸಿ ಬ್ರೇಕು ಹಿಡಿಯುತ್ತದೋ ಇಲ್ಲವೋ ನೋಡಬೇಕು.

“ಇವತ್ತು ಚೀಲ ಬ್ಯಾಡ. ನಿನ್ನೆ ನೋಡೀವಲ್ಲ,” ಅಂದ ಹುಲುಗಪ್ಪ.

“ನಿನ್ನೆ ಉಂಡೀವಂತ ಇವತ್ತು ಉಪವಾಸ ಇರ್ತೀವೇನ್ರಿ? ಏಳ್ರಿ ಬುಟ್ಟಿಯಿಂದ.”

ಗೊಣಗುತ್ತಾ ಎದ್ದ. ಅವನು ಕೂತಿದ್ದ ಜಾಗದಲ್ಲಿ ಚೀಲ ಕೂತಿತು. ನಡುಬಾವಿಗೆ ಇಳಿದಾಗ ದುರುಗವ್ವ ಸ್ವಿಚ್ಚು ಆರಿಸಿದಳು.

ಚೀಲ ನಿಲ್ಲಲಿಲ್ಲ. ರಾಟೆ ಗರಗರ ತಿರುಗಿತು. ತಳದಲ್ಲಿ ಧಪ್ ಅಂತು. ಬುಟ್ಟಿ ಮುರಿದು, ಚೀಲ ಒಡೆದು ಮಣ್ಣೆಲ್ಲ ಚೆಲ್ಲಿತು.

ಅವಳ ಕಣ್ಣು ತಂತಿಯ ಮೇಲೆ ಬಿತ್ತು. ದಂಡೆಯ ಮೇಲೆ ಕೂತಳು.

“ಹೋಗ್ಲಿ ಬಿಡು, ಒಂದು ಚೀಲ ಹೋತು,” ಅಂದ.

“ಹೌದ್ರಿ. ಚೀಲಕ್ಕ ಹೆಂಡತಿ ಇರಲಿಲ್ಲ ನೋಡ್ರಿ.”

ಅವನು ಇಕ್ಕಳ ತಗೊಂಡು ತಾನೇ ತಂತಿ ಕತ್ತರಿಸಿದ. ಬೇರೆ ಬುಟ್ಟಿ ಕಟ್ಟಿದ. ಇನ್ನೊಂದು ಚೀಲಕ್ಕೆ ತಾನೇ ಮಣ್ಣು ತುಂಬಿದ. ಸ್ವಿಚ್ಚು ಆರಿಸಿದೊಡನೆ ಚೀಲ ಗಕ್ಕನೆ ನಿಂತಿತು. ಗೇಣು ಕೂಡ ಜಾರಲಿಲ್ಲ. ಅದನ್ನು ಮೇಲಕ್ಕೆ ಎತ್ತಿ ಬುಟ್ಟಿಯಿಂದ ತೆಗೆದರು. ಆಮೇಲೆ ಹುಲುಗಪ್ಪ ಬುಟ್ಟಿಯಲ್ಲಿ ಕೂತ.

“ಇಳಸು,” ಅಂದ.

ಅವಳು ಇಳಿಸಿದಳು.

ನೀತಿ: ಶಕ್ತಿ ಇದ್ದಾಗ ಎತ್ತುವವರು ಬಹಳ. ಶಕ್ತಿ ಹೋದ ಗಳಿಗೆಯಲ್ಲಿ ಹಿಡಿದು ನಿಲ್ಲುವವರು ಕಡಿಮೆ. ಅಂಥ ಹಿಡಿತ ಅಡ್ಡಿ ಅಂತ ಕಂಡೀತು. ಅದನ್ನು ಕಟ್ಟಿ ಹಾಕಬೇಡಿ.