ಹಚ್ಚೆಯ ಸೂಜಿ ಕೈಗೆ ಬಂದ ದಿನ

ಹೊಳೆದಂಡೆಯಲ್ಲಿ ಕೂತು ಹಚ್ಚೆ ಹಾಕುವ ಲಕ್ಕವ್ವ ಅಂದರೆ ಆ ಸೀಮೆಯ ಹೆಂಗಸರಿಗೆಲ್ಲ ಗೊತ್ತು. ಅಜ್ಜಿ, ಮಗಳು, ಮೊಮ್ಮಗಳು, ಮೂವರ ತೋಳಿನಲ್ಲೂ ಅವಳದೇ ಹೂಬಳ್ಳಿ. ಅವಳ ಬಾಯಿ ಬಲು ಖಾರ, ಅದೂ ಎಲ್ಲರಿಗೂ ಗೊತ್ತು.

ಅವಳ ಶಿಷ್ಯೆ ರಾಚಿ. ಬಂದು ಎಷ್ಟೋ ವರ್ಷವಾಗಿತ್ತು. ಕಾಡಿಗೆ ಅರೆಯೋದು, ಒಲೆ ಉರಿಸೋದು, ಸೂಜಿ ಕುದಿಸೋದು, ಅಷ್ಟೇ ಅವಳ ಪಾಲಿಗೆ. ಒಂದೇ ಒಂದು ಚುಕ್ಕೆ ಇಟ್ಟವಳಲ್ಲ. ಆ ಆಸೆ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

"ಅವ್ವ, ನನ್ನ ಕೈಗೆ ಸೂಜಿ ಯಾವಾಗ ಕೊಡ್ತೀ? ನನ್ನ ಕೈ ಚುರುಕಿಲ್ಲವಾ?"

"ಚುರುಕಾದ ಕೈಗೆ ಸೂಜಿ ಕೊಡೋಕೆ ನನಗೇನು ತಲೆ ಕೆಟ್ಟಿದೆಯಾ?"

"ಮತ್ಯಾರಿಗೆ ಕೊಡ್ತೀ?"

"ಒಲೆ ಆರ್ತಾ ಇದೆ, ನೋಡು."

ಇಂಥ ಗುರುವಿನ ಹತ್ತಿರ ಇನ್ನೇನು ಕೇಳೋದು! ರಾಚಿ ಮುಖ ಊದಿಸಿಕೊಂಡು ಒಲೆ ಊದಿದಳು.

ಸೂಜಿ ಕುದಿಸೋದಕ್ಕೆ ಲಕ್ಕವ್ವನದೊಂದು ಕಟ್ಟಳೆ. ನೀರು ಕೊತಕೊತ ಅನ್ನುತ್ತಲೇ ಸೂಜಿಗಳನ್ನು ಹಾಕಿ ಸೋಬಾನೆ ಪದ ಎತ್ತಿಕೊಳ್ಳಬೇಕು. ಪದ ಪೂರ್ತಿ ಮುಗಿದ ಮೇಲೇ ಮಡಕೆ ಇಳಿಸಬೇಕು. ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಇಲ್ಲವೇ ಇಲ್ಲ.

ಒಂದು ದಿನ ದಂಡೆಯ ತುಂಬ ಹೆಂಗಸರು. ಎಲ್ಲರಿಗೂ ಅವಸರ. ರಾಚಿ ಬೇಗ ಬೇಗ ಹಾಡಿ ಮಡಕೆ ಇಳಿಸಿದಳು.

"ಪದ ಮುಗೀತಾ?"

"ಕೊನೇ ನುಡಿಗಳನ್ನ ಬಿಟ್ಟೆ ಅವ್ವ. ಪಾಪ, ಜನ ಕಾಯ್ತಾ ಇದ್ದಾರೆ."

ಲಕ್ಕವ್ವ ಮಡಕೆಯ ನೀರನ್ನು ಚೆಲ್ಲಿದಳು, ಹೊಸ ನೀರು ತುಂಬಿ ಒಲೆಯ ಮೇಲಿಟ್ಟಳು. ಅದು ಕುದಿದ ಮೇಲೆ ಸೂಜಿ ಹಾಕಿ, ಪದವನ್ನು ಮೊದಲಿಂದ ಶುರು ಮಾಡಿದಳು. ಹೆಂಗಸರು ಗೊಣಗಿದಷ್ಟೂ ರಾಗ ಎಳೆದಳು.

ಅದಾದ ಸ್ವಲ್ಪ ದಿನಕ್ಕೆ ದೂರದ ಊರಿನ ಹುಡುಗಿಯೊಬ್ಬಳನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬಂದರು. ಯಾರೋ ಹಾಕಿದ ನವಿಲಿನ ಹಚ್ಚೆ. ತೋಳು ಬಾತು ಕೆಂಪಗಾಗಿತ್ತು, ಕೀವು ಸೋರುತ್ತಿತ್ತು, ಮೈ ಕೆಂಡದಂತೆ ಸುಡುತ್ತಿತ್ತು.

"ನನ್ನ ಹತ್ರ ಯಾಕ್ರೋ ತಂದ್ರಿ? ಈಗಿಂದೀಗಲೇ ಆಸ್ಪತ್ರೆಗೆ ಓಡಿ!" ಎಂದು ಲಕ್ಕವ್ವ ಗದರಿ ಗಾಡಿ ತಿರುಗಿಸಿದಳು.

ರಾಚಿಯ ಕಣ್ಣು ಮಾತ್ರ ಆ ನವಿಲಿನ ಮೇಲೇ ಇತ್ತು. "ಅವ್ವ, ಎಂಥ ಗರಿ ಬರೆದಿದ್ದಾರೆ! ಕೈ ಬಲು ಚುರುಕು."

"ಹೂಂ. ಬಲು ಚುರುಕು," ಎಂದಳು ಲಕ್ಕವ್ವ.

ಅವತ್ತು ಸೂಜಿ ಕುದಿಸುವಾಗ ರಾಚಿ ಪದದ ಒಂದು ನುಡಿಯನ್ನೂ ಬಿಡಲಿಲ್ಲ.

ಆಮೇಲೊಂದು ದಿನ ಗೌಡರ ಮನೆಯಿಂದ ಕರೆ ಬಂತು. ಮೊಮ್ಮಗಳು ಸಾವಂತ್ರಿ ಅವತ್ತೇ ಹೊಳೆ ದಾಟಿ ಗಂಡನ ಮನೆಗೆ ಹೊರಡುವವಳು. ಹಚ್ಚೆಯಿಲ್ಲದ ಕೈಯಿಂದ ಆ ಮನೆಯವರು ನೀರೂ ಮುಟ್ಟುವುದಿಲ್ಲವಂತೆ. ದೋಣಿ ಆಗಲೇ ಬಂದು ನಿಂತಿತ್ತು.

"ಬೇಗ ಬೇಗ ಲಕ್ಕವ್ವ! ಗಂಡಿನ ಕಡೆಯೋರು ಸಿಡಿಮಿಡಿ ಅಂತಿದ್ದಾರೆ," ಎಂದು ಅಜ್ಜಿ ಗೌಡತಿ ತಲೆಯ ಮೇಲೇ ನಿಂತಿದ್ದಳು.

ಆ ಗಡಿಬಿಡಿಯಲ್ಲಿ ಲಕ್ಕವ್ವನ ಕೈಯಿಂದ ಸೂಜಿ ಜಾರಿ ನೆಲಕ್ಕೆ ಬಿತ್ತು. ಅವಳು ಎರಡೂ ಕೈಯಿಂದ ನೆಲ ತಡವಿ ಅದನ್ನು ಎತ್ತಿಕೊಂಡಳು, ಸೆರಗಿಗೆ ಒರೆಸಿದಳು, ಹುಡುಗಿಯ ತೋಳಿಗೆ ಬಾಗಿದಳು.

ರಾಚಿ ಅದನ್ನು ಕಂಡಳು. ಬಾಯಿ ಬಿಟ್ಟರೆ ತುಂಬಿದ ಮನೆಯಲ್ಲಿ ಗುರುವಿನ ಮಾನ ಹೋಗುತ್ತದೆ. ಸೂಜಿಯ ಆಸೆಯನ್ನು ಇವತ್ತಿಗೇ ಬಿಡಬೇಕು. ಬಾಯಿ ಮುಚ್ಚಿಕೊಂಡರೆ? ಗಾಡಿಯಲ್ಲಿ ಮಲಗಿದ್ದ ಹುಡುಗಿ ಕಣ್ಣಿಗೆ ಕಟ್ಟಿದಳು.

ಅವಳು ಗುರುವಿನ ಮುಂಗೈಯನ್ನು ಗಟ್ಟಿಯಾಗಿ ಹಿಡಿದಳು.

"ಬೇಡ ಅವ್ವ."

ಕೂಡಿದ್ದವರೆಲ್ಲ ತಿರುಗಿ ನೋಡಿದರು.

"ಎಲಾ ಇವಳ!" ಗೌಡತಿ ಕೂಗಿದಳು. "ಗುರುವಿನ ಕೈಯನ್ನೇ ಹಿಡೀತೀಯೇನೆ?"

"ಹಿಡೀತೀನಿ ಅಮ್ಮಾವ್ರೆ. ಸೂಜಿ ನೆಲಕ್ಕೆ ಬಿತ್ತು. ಅದು ಈ ಮಗುವಿನ ಮೈಗೆ ಹೋಗಕೂಡದು. ಬೇರೆ ಸೂಜಿ ಕುದಿಸ್ತೀನಿ."

"ದೋಣಿ ಕಾಯ್ತಾ ಇದೆ ಕಣೆ!"

"ಕಾಯಲಿ!"

ಅಬ್ಬಾ, ಆ ದನಿ! ರಾಚಿಗೇ ಅದು ತನ್ನದೆಂದು ನಂಬಿಕೆ ಬರಲಿಲ್ಲ. ಹಿಡಿದ ಕೈ ಮಾತ್ರ ಸಡಿಲಲಿಲ್ಲ.

ಲಕ್ಕವ್ವ ಹಿಡಿದ ಕೈಯನ್ನು ನೋಡಿದಳು. ಶಿಷ್ಯೆಯ ಮುಖ ನೋಡಿದಳು. ಆಮೇಲೆ ನಕ್ಕಳು ನೋಡಿ, ಬೊಚ್ಚುಬಾಯಿ ತುಂಬ ನಕ್ಕಳು. ಸೊಂಟದ ಸೂಜಿಚೀಲ ಬಿಚ್ಚಿ ರಾಚಿಯ ಮಡಿಲಿಗೆ ಹಾಕಿದಳು.

"ಹಚ್ಚೆ ಇವಳೇ ಹಾಕ್ತಾಳೆ," ಎಂದಳು.

"ಇವಳಾ? ಮತ್ತೆ ನೀನು?" ಗೌಡತಿ ಬೆರಗಾದಳು.

"ನಾನು ತೋಳು ಹಿಡ್ಕೊಂಡು ಕೂತಿರ್ತೀನಿ."

"ಇವರೇ ಹಾಕಲಿ ಅಜ್ಜಿ," ಎಂದಳು ಸಾವಂತ್ರಿ. "ದೋಣಿ ಎಲ್ಲಿಗೂ ಹೋಗಲ್ಲ, ಮದುಮಗಳು ನಾನಲ್ಲವಾ?"

ಸುತ್ತ ಕೂತ ಹೆಂಗಸರೆಲ್ಲ ಗೊಳ್ಳೆಂದರು. ಗೌಡತಿಗೂ ನಗು ತಡೆಯಲಾಗಲಿಲ್ಲ. ಒಲೆಯಲ್ಲಿ ಬೆಂಕಿ ಎದ್ದಿತು, ಮಡಕೆಯಲ್ಲಿ ಹೊಸ ನೀರು ತುಂಬಿತು. ರಾಚಿಯ ಕಣ್ಣಿನಿಂದ ದಳದಳ ನೀರು ಸುರಿಯಿತು. ಇಷ್ಟು ಸಂತೋಷವನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಚೀಲವನ್ನು ಎದೆಗೊತ್ತಿಕೊಂಡು ಕೇಳಿದಳು: "ಅವ್ವ, ಎಲ್ಲಿಂದ ಶುರು ಮಾಡಲಿ?"

ಲಕ್ಕವ್ವ ನೆಲ ಮುಟ್ಟಿದ ತನ್ನ ಎರಡೂ ಕೈಗಳನ್ನು ಶಿಷ್ಯೆಯ ಮುಂದೆ ಚಾಚಿದಳು.

"ಮೊದಲು ನನ್ನ ಕೈ ತೊಳೆಸು."